ಶಿವಾಜಿ ಪಾರ್ಕಿನ ಮಣ್ಣಿನ ಮೇಲೆ

ದಾದರಿನ ಶಿವಾಜಿ ಪಾರ್ಕಿನ ಕಟ್ಟೆಯನ್ನು ಒಮ್ಮೆ ಸುತ್ತಿದರೆ ಒಂದು ಕಿಲೋಮೀಟರಿಗೆ ತುಸು ಹೆಚ್ಚೇ ನಡೆದಂತಾಯಿತು. ಕಟ್ಟೆಯ ಹೊರಗೆ ಗಟ್ಟಿ ಕಾಲುದಾರಿ; ಒಳಗೆ ಮಣ್ಣಿನ ಮೈದಾನ. ತೆಳ್ಳನೆಯ ಅಟ್ಟೆಯ, ಬೆರಳು ಹರಡಲು ಎಡೆಯಿರುವ ‘ಬರಿಗಾಲ ಬೂಟು’ ರೂಢಿಸಿಕೊಳ್ಳುವ ನಮ್ಮಂಥವರಿಗೆ ಈ ಮಣ್ಣೇ ಪಾಠಶಾಲೆ.

ಊರಿನ ಗದ್ದೆಯ ಬದುವಿನ ಮೇಲೆ ಬರಿಗಾಲಿನಲ್ಲಿ ಓಡಿದ ಪಾದಗಳೇ ಇವು. ಮುಂಬಯಿಗೆ ಬಂದು ದಪ್ಪ ಬೂಟಿನಲ್ಲಿ ವರ್ಷಗಟ್ಟಲೆ ಕುಳಿತು ತಮ್ಮ ಕೆಲಸ ಮರೆತಿವೆ. ಬೂಟಿನ ಹಿಮ್ಮಡಿ ತಗ್ಗಿದೊಡನೆ ಮೀನಖಂಡಕ್ಕೂ ಪಾದದ ಸ್ನಾಯುಗಳಿಗೂ ಹೊಸ ಭಾರ ಬೀಳುತ್ತದೆ. ಆದ್ದರಿಂದ ನಾವು ದಿನ ಬಿಟ್ಟು ದಿನ ಹತ್ತೇ ನಿಮಿಷ ನಡೆದೆವು. ಓಟವನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿದೆವು. ನೋವು ಕಂಡ ದಿನ ಹಳೆಯ ಬೂಟೇ ಗತಿ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದ ಹಿರಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದರು; 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿ ಗೆದ್ದರು. ಪಳಗಿದ ಪಾದಕ್ಕೆ ಎರಡೂ ಒಂದೇ.

ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳು ಮಣ್ಣು ಕಂಡರೆ ಚಪ್ಪಲಿ ಹುಡುಕುತ್ತಾರೆ. ಭಾನುವಾರ ಅವರನ್ನೂ ಮೈದಾನಕ್ಕೆ ಕರೆತರುತ್ತಿದ್ದೇವೆ.