ಮಳೆಯಲ್ಲಿ ಓಟ

ಮಳೆಗಾಲದಲ್ಲಿ ಶಾಲೆಗೆ ನಡೆದು, ನೆನೆದ ಪುಸ್ತಕಗಳನ್ನು ಒಲೆಯ ಬಳಿ ಒಣಗಿಸಿ ಓದಿದವನಿಗೆ ಮಳೆಯ ವಿಷಯದಲ್ಲಿ ಒಂದು ಬಗೆಯ ಸಲಿಗೆ ಇರುತ್ತದೆ. ಸಲಿಗೆ ಮಿತಿಮೀರಿದರೆ ಅದೇ ಗರ್ವವಾಗುತ್ತದೆ. ನನ್ನ ಗರ್ವವು ಮುರಿದುದು ನಮ್ಮೂರಿನ ಮಳೆಯಲ್ಲಲ್ಲ. ಚೆನ್ನೈ ನಗರದ ಹೊರಗೆ, ಮೋಟಾರು ಸೈಕಲ್ಲಿನ ಪಂದ್ಯವೊಂದರಲ್ಲಿ. ಗೃಹಸ್ಥರ ಮನೆಗಳಿಗೆ ಹೋಗುವ ಈ ಮಾಸಪತ್ರಿಕೆಯಲ್ಲಿ ಫಟಫಟಿಯ ಪ್ರಸಂಗವೇಕೆಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ನಮ್ಮ ಅಮ್ಮನೂ ಇಂದಿಗೂ ಹಾಗೆಯೇ ಗಂಟಿಕ್ಕುತ್ತಾಳೆ. ಆದರೆ ನಾನು ಹೇಳಹೊರಟಿರುವುದು ವೇಗದ ಮಾತಲ್ಲ, ಹೆದರಿಕೆಯ ಮಾತು. ಅದರ ಪರಿಚಯ ಎಲ್ಲ ಮನೆಗಳಲ್ಲಿಯೂ ಉಂಟು.

ಈ ವಿದ್ಯೆಯಲ್ಲಿ ನನಗೆ ಗುರುಗಳು ನನ್ನ ಸೋದರಮಾವ. ಅವರು ಪಶುವೈದ್ಯ ಶಾಲೆಯಲ್ಲಿ ಕಂಪೌಂಡರಾಗಿದ್ದವರು. ಮನೆ ಶಿಕಾರಿಪುರದಲ್ಲಿ, ಕೆಲಸ ಬಹುಕಾಲ ಸೊರಬದ ಕಡೆಯ ಹಳ್ಳಿಗಳಲ್ಲಿ. ಅವರ ವಾಹನ ಒಂದು ಹಳೆಯ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿ, 1973ರಲ್ಲಿ ಯೆಜ್ದಿ ಎಂಬ ಹೆಸರನ್ನು ತಳೆದು, 1996ರಲ್ಲಿ ಕಾರ್ಖಾನೆಯೇ ಮುಚ್ಚುವವರೆಗೆ ಆ ವಂಶದ ಗಾಡಿಗಳು ನಮ್ಮ ನಾಡಿನ ಎಷ್ಟೋ ಮಂದಿ ವೈದ್ಯರನ್ನು, ಮೇಷ್ಟರುಗಳನ್ನು, ತೋಟದ ಯಜಮಾನರನ್ನು ಹೊತ್ತು ತಿರುಗಿದವು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಪೆಟ್ರೋಲಿಗೆ ಎಣ್ಣೆಯನ್ನು ಬೆರಸಿ ಹಾಕಬೇಕು. ಒದ್ದು ಎಬ್ಬಿಸುವ ಸನ್ನೆಯೇ ಮಡಚಿಕೊಂಡು ಗೇರು ಬದಲಾಯಿಸುವ ಸನ್ನೆಯೂ ಆಗುವುದು ಅದರ ವೈಚಿತ್ರ್ಯ. ಮಾವನ ಜಾವಾ ಕೊಟ್ಟಿಗೆಯ ವಾಸನೆಯನ್ನೂ ಔಷಧದ ವಾಸನೆಯನ್ನೂ ಒಟ್ಟಿಗೆ ಹೊತ್ತಿತ್ತು.

ಹಸು ಈಯುವುದಕ್ಕೆ ಬಿಸಿಲು ಬರಲೆಂದು ಕಾಯುವುದಿಲ್ಲ. ಆದುದರಿಂದ ಮಾವನ ಪ್ರಯಾಣದಲ್ಲಿ ಅರ್ಧ ಪಾಲು ಮಳೆಯಲ್ಲಿಯೇ ನಡೆಯುತ್ತಿತ್ತು. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಗೆ ಕೈಮುಗಿದು ಹೊರಡುವಾಗ ತುಂತುರು ಇದ್ದರೆ, ಶಿರಾಳಕೊಪ್ಪ ಮುಟ್ಟುವ ವೇಳೆಗೆ ಅದು ಮಳೆಯಾಗಿ, ಸೊರಬದ ದಾರಿ ಹಿಡಿದ ಮೇಲೆ ಜಡಿಯಾಗುವುದು. ಪಡುವಣಕ್ಕೆ ಹೋದಂತೆಲ್ಲ ಜೋಳದ ಹೊಲಗಳು ಕಡಿಮೆಯಾಗಿ, ಗದ್ದೆ ತೋಟಗಳು ಹೆಚ್ಚಾಗಿ, ಆಕಾಶವು ತಗ್ಗಿ ಬರುತ್ತದೆ. ಶಾಲೆಗೆ ರಜೆಯಿದ್ದಾಗ ಮಾವ ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಕಾಲು ನೆಲಕ್ಕೆ ಎಟುಕುವ ವಯಸ್ಸಾದ ಮೇಲೆ ಮುಂದೆ ಕೂರಿಸಿ ಕಲಿಸಿದರು.

ಅವರ ಪಾಠಗಳು ಕೆಲವೇ. ಬೇಸಗೆ ಕಳೆದ ಮೊದಲ ಮಳೆಯನ್ನು ನಂಬಬಾರದು. ಟಾರಿನ ಮೇಲೆ ಕುಳಿತಿದ್ದ ಎಣ್ಣೆ ಧೂಳುಗಳು ನೀರಿನಲ್ಲಿ ತೇಲಿ ದಾರಿಯನ್ನು ಜಾರುಬಂಡೆ ಮಾಡುತ್ತವೆ, ಚೆನ್ನಾಗಿ ಹೊಡೆದು ತೊಳೆದ ಮೇಲೆ ಅದೇ ದಾರಿ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಹಳ್ಳ ದಾಟಿದೊಡನೆ ಬ್ರೇಕನ್ನು ಮೆಲ್ಲಗೆ ಒತ್ತಿ ಒಳಗಣ ನೀರನ್ನು ಒಣಗಿಸಿಕೊಳ್ಳಬೇಕು. ನಾಟಿಯ ದಿನಗಳಲ್ಲಿ ಗದ್ದೆಯಿಂದ ಎದ್ದು ಬಂದ ಗಾಲಿಗಳು ಬಿಟ್ಟುಹೋದ ಕೆಸರನ್ನು ದೂರದಿಂದಲೇ ಗುರುತಿಸಬೇಕು. ಕಣ್ಣು ಚಕ್ರದ ಮುಂದಣ ನೀರಿನ ಮೇಲಿರಬಾರದು, ಹೋಗಬೇಕಾದ ಕಡೆಗಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಕೈ. “ಕೆಚ್ಚಲು ಹಿಡಿದ ಹಾಗೆ ಹಿಡಿಯೋ ಮಾರಾಯ. ಹಿಸುಕಿದರೆ ಒದೀತದೆ, ಬಿಟ್ಟರೆ ಹಾಲಿಲ್ಲ” ಎನ್ನುತ್ತಿದ್ದರು. ಬಿಗಿಯಾಗಿ ಹಿಡಿದ ಕೈ ಗಾಡಿಯ ಪ್ರತಿಯೊಂದು ಅಲುಗಾಟವನ್ನೂ ಇಮ್ಮಡಿ ಮಾಡುತ್ತದೆ. ಸಡಿಲವಾದ ಕೈಯಲ್ಲಿ ಗಾಡಿ ತಾನೇ ಅಲುಗಿ ತಾನೇ ನೆಟ್ಟಗಾಗುತ್ತದೆ. ಇದರ ಕಾರಣವನ್ನು ಮುಂದೆ ನಾನು ಪುಸ್ತಕಗಳಲ್ಲಿ ಓದಿದೆನು. ಮಾವನಿಗೆ ಅದು ಕೊಟ್ಟಿಗೆಯಲ್ಲಿ ತಿಳಿದಿತ್ತು.

ಉದ್ಯೋಗಕ್ಕೆಂದು ಬೆಂಗಳೂರನ್ನು ಸೇರಿದ ಮೇಲೆ ಪಂದ್ಯದ ಗೀಳು ಹತ್ತಿತು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ಎಂಬ ಮಹಾ ಪಂದ್ಯವನ್ನು ಕೊನೆಮುಟ್ಟಿಸಿದ ಮೊದಲ ಭಾರತೀಯರೆನಿಸಿಕೊಂಡಿದ್ದರು. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಅದನ್ನೇ ಸಾಧಿಸಿದರು. ಅವರ ದಾರಿ ಮರುಭೂಮಿಯದು, ನನ್ನ ಯೋಗ್ಯತೆ ಅದರ ಹತ್ತಿರಕ್ಕೂ ಸುಳಿಯುವುದಲ್ಲ. ಆದರೂ ನಮ್ಮ ಸೀಮೆಯವರೂ ಹೋಗಬಲ್ಲರೆಂಬ ಸುದ್ದಿಯೇ ಹುಡುಗರಿಗೆ ಸಾಕಾಗುತ್ತದೆ. ವಾರವೆಲ್ಲ ಲೆಕ್ಕ ಬರೆದು, ಸಂಬಳದಲ್ಲಿ ಉಳಿಸಿದ ಹಣವನ್ನು ಟಯರಿಗೂ ಪ್ರವೇಶಧನಕ್ಕೂ ಸುರಿದು, ಹೊಸಬರ ವರ್ಗದಲ್ಲಿ ನಾನು ಹೆಸರು ಕೊಟ್ಟೆನು.

ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈ ಎಂಬಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಕಟ್ಟಿಸಿದ ಓಟದ ಪಥವಿದೆ. ಅದಕ್ಕಿಂತ ಮೊದಲು ಪಂದ್ಯಗಳು ಶೋಳಾವರಂನ ಹಳೆಯ ವಿಮಾನಪಥದ ಮೇಲೆ ನಡೆಯುತ್ತಿದ್ದವು. ಹೊಸ ಪಥವು 1990ರಲ್ಲಿ ಬಳಕೆಗೆ ಬಂದಿತು. ಸುತ್ತಳತೆ ಸುಮಾರು 3.7 ಕಿಲೋಮೀಟರು; ತಿರುವುಗಳು 12. ಸೊರಬದ ದಾರಿಯಲ್ಲಿ ಪ್ರತಿ ತಿರುವಿಗೂ ಒಂದು ಮರದ ಹೆಸರೋ ಕೆರೆಯ ಹೆಸರೋ ಇರುತ್ತದೆ; ಅಲ್ಲಿ ತಿರುವುಗಳಿಗೆ ಅಂಕಿಗಳು ಮಾತ್ರ.

ನಮ್ಮಲ್ಲಿ ಮಳೆ ಹಿಂದೆಗೆದ ಬಳಿಕ ಅಲ್ಲಿ ಈಶಾನ್ಯ ಮಾರುತದ ಮಳೆ ಮೊದಲಾಗುತ್ತದೆ. ಅಂದು ಅಕ್ಟೋಬರಿನ ಒಂದು ಮಧ್ಯಾಹ್ನ. ಸಾಲಿನಲ್ಲಿ ನನ್ನದು ಹದಿನೇಳನೆಯ ಸ್ಥಾನ. ನಾವು ನಿಂತಿದ್ದಂತೆಯೇ ಮೋಡ ಕವಿದು, ಧಾರಾಕಾರವಾಗಿ ಸುರಿಯತೊಡಗಿತು. ಪಥದ ಅಂಚಿನಲ್ಲಿ ಹಳದಿ ಕೆಂಪು ಪಟ್ಟೆಗಳ ಬಾವುಟ ಕಾಣಿಸಿತು. ನೆಲ ಜಾರುತ್ತಿದೆ ಎಂದು ಅದರ ಅರ್ಥ. ಅಕ್ಕಪಕ್ಕದ ಹುಡುಗರು ಮುಖ ಸಣ್ಣ ಮಾಡಿದರು. ನಾನು ಶಿರಸ್ತ್ರಾಣದೊಳಗೆ ನಕ್ಕೆನು. ಇದು ನಮ್ಮ ಮನೆಯ ಮಳೆ ಎಂದುಕೊಂಡೆನು.

ಓಟ ಮೊದಲಾಯಿತು. ಮುಂದಿನ ಚಕ್ರಗಳು ಎರಚುವ ನೀರಿನಲ್ಲಿ ಏನೂ ಕಾಣದು. ಬಿಳಿಯ ಗೋಡೆಯೊಂದನ್ನು ಬೆನ್ನಟ್ಟಿ ಹೋದಂತೆ. ಎರಡು ಚಕ್ರಗಳು ನೆಲವನ್ನು ಮುಟ್ಟುವ ಜಾಗ ಒಂದೊಂದು ಅಂಗೈಯಷ್ಟು. ಆ ಅಂಗೈಗಳ ಕೆಳಗಿನಿಂದ ನೀರನ್ನು ಟಯರಿನ ಗೀರುಗಳು ಹೊರಕ್ಕೆ ತಳ್ಳುತ್ತಿರುವಷ್ಟು ಹೊತ್ತು ಮಾತ್ರ ನಾವು ನೆಲದವರು. ನಾನು ಮಾವನ ಮಾತಿನಂತೆ ದೂರ ನೋಡಿದೆನು, ಕೈ ಸಡಿಲಿಸಿದೆನು, ಗಾಡಿ ನೆಟ್ಟಗಿರುವಾಗಲೇ ಬ್ರೇಕನ್ನು ಮೆಲ್ಲಗೆ ಒತ್ತಿ, ತಿರುವಿನಲ್ಲಿ ಸುಮ್ಮನಿದ್ದೆನು. ಒಬ್ಬನು ಜಾರಿದನು, ಇನ್ನೊಬ್ಬನು ಹುಲ್ಲಿಗಿಳಿದನು, ಕೆಲವರು ಹಿಂಜರಿದರು. ಹದಿನೇಳು ಹನ್ನೆರಡಾಯಿತು, ಒಂಬತ್ತಾಯಿತು, ಆರಾಯಿತು. ನಾನು ವೇಗವಾಗಿ ಹೋಗುತ್ತಿದ್ದೇನೆಂದು ಅನ್ನಿಸಲೇ ಇಲ್ಲ. ಉಳಿದವರು ನಿಧಾನವಾದಂತೆ ತೋರಿತು. ಅಷ್ಟು ನೆಮ್ಮದಿಯ ಹತ್ತು ನಿಮಿಷಗಳನ್ನು ನನ್ನ ಜೀವನದಲ್ಲಿ ನಾನು ಕಂಡಿರಲಿಲ್ಲ.

ಆಮೇಲೆ ನಾನು ಲೆಕ್ಕ ಹಾಕಿದೆನು. ಇನ್ನು ಎರಡು ಸುತ್ತು, ಮುಂದೆ ಐವರು, ಐದನೆಯವನು ಹತ್ತು ಮಾರು ದೂರದಲ್ಲಿ. ಊರಿನಲ್ಲಿ ಈ ಸುದ್ದಿಯನ್ನು ಹೇಗೆ ಹೇಳಬೇಕೆಂದು ವಾಕ್ಯವನ್ನೂ ಜೋಡಿಸತೊಡಗಿದೆನು. ಕೈ ಬಿಗಿಯಾದುದು ನನಗೆ ತಿಳಿಯಲಿಲ್ಲ. ತಿರುವಿನ ಒಳಗಂಚಿಗೆ ಬಣ್ಣ ಬಳಿದಿರುತ್ತದೆ. ಒದ್ದೆಯಾದ ಬಣ್ಣ ಪಾಚಿಗಿಂತ ಕಡೆ. ಅದನ್ನು ನಾನು ಅರಿಯದವನಲ್ಲ. ಅರಿತೂ ಅದರ ಮೇಲೆ ಚಕ್ರವಿಟ್ಟೆನು. ಹಿಂದಿನ ಚಕ್ರ ಹೊರಕ್ಕೆ ಸರಿಯಿತು, ಹಿಡಿಕೆಯನ್ನು ಹಿಸುಕಿದೆನು, ಗಾಡಿ ಒದೆಯಿತು. ನೆಲ, ಆಕಾಶ, ನೆಲ. ಬಳಿಕ ಹುಲ್ಲಿನ ಮೇಲೆ ಮಲಗಿ, ಹೆಗಲಿನ ಎಲುಬು ಮುರಿದಿದೆಯೆಂಬುದನ್ನು ನಿಧಾನವಾಗಿ ತಿಳಿದುಕೊಂಡೆನು. ತಪ್ಪು ಮಳೆಯದಲ್ಲ, ಪಥದ್ದಲ್ಲ, ಬೇರೆ ಯಾರದೂ ಅಲ್ಲ.

ಎಲುಬು ಕೂಡಿಕೊಂಡಿತು. ಕೂಡಿಕೊಳ್ಳದೆ ಉಳಿದುದು ಬೇರೊಂದು. ಆ ವರ್ಷ ಮಳೆ ಬಂದರೆ ಸಾಕು, ನಾನು ಏನಾದರೊಂದು ನೆಪ ಮಾಡಿ ಗಾಡಿಯನ್ನು ನಿಲ್ಲಿಸುತ್ತಿದ್ದೆನು, ಬಸ್ಸಿನಲ್ಲಿ ಹೋಗುತ್ತಿದ್ದೆನು. ಮಲೆನಾಡಿನ ಅಂಚಿನವನು ಮಳೆಗೆ ಹೆದರುತ್ತಾನೆಂದು ಯಾರಿಗೆ ಹೇಳುವುದು? ಹಾಗೆ ಹೇಳದೆ ಉಳಿದಷ್ಟೂ ಅದು ಬೆಳೆಯಿತು.

ಮರುವರ್ಷ ಪುನರ್ವಸು ಮಳೆಯಲ್ಲಿ ನಾನು ಊರಿಗೆ ಬಂದಿದ್ದೆನು. ಸೊರಬದಲ್ಲಿ ಮಾವನ ಹಳೆಯ ಸ್ನೇಹಿತರೊಬ್ಬರು ತೀರಿಕೊಂಡಿದ್ದರು. ರಾತ್ರಿ ಮಳೆಯಲ್ಲಿ ಸಿಕ್ಕಿಬಿದ್ದಾಗಲೆಲ್ಲ ಮಾವನಿಗೆ ಅನ್ನವನ್ನೂ ಕಂಬಳಿಯನ್ನೂ ಕೊಟ್ಟ ಮನೆ ಅದು. ಅಂದು ವೈಕುಂಠ ಸಮಾರಾಧನೆ. ಬೆಳಗಿನ ಬಸ್ಸು ಬರಲಿಲ್ಲ. ಎಪ್ಪತ್ತೆಂಟು ವಯಸ್ಸಿನ ಮಾವ ಪಂಚೆಯನ್ನು ಎತ್ತಿ ಕಟ್ಟಿ ಜಗಲಿಯಲ್ಲಿ ನಿಂತು, “ನಿನ್ನ ಗಾಡಿ ಇದೆಯಲ್ಲೋ, ಹೊರಡು” ಎಂದರು. ಹೊರಗೆ ಧೋ ಎಂದು ಸುರಿಯುತ್ತಿತ್ತು. ಸ್ವಲ್ಪ ನಿಲ್ಲಲಿ ಎಂದೆನು. “ಇದು ನಿಲ್ಲೋ ಮಳೆಯೇನೋ?” ಎಂದರು. ನನಗೆ ಉತ್ತರ ತೋಚಲಿಲ್ಲ.

ಹಿಂದೆ ಕುಳಿತು ಅವರು ನನ್ನ ಹೆಗಲ ಮೇಲೆ, ಮುರಿದು ಕೂಡಿದ ಎಲುಬಿನ ಮೇಲೆಯೇ, ಕೈಯಿಟ್ಟರು. ಊರು ದಾಟುವಷ್ಟರಲ್ಲಿ ನನ್ನ ತೋಳುಗಳು ಕಟ್ಟಿಗೆಯಾದವು. ಎದುರಿನಿಂದ ಲಾರಿ ಬಂದರೆ ಉಸಿರು ನಿಲ್ಲುತ್ತಿತ್ತು. ಕೆಸರಿನ ಪಟ್ಟೆಯೊಂದರ ಮೇಲೆ ಚಕ್ರ ಒಂದು ಗೇಣು ಸರಿಯಿತು. ಹೆಗಲ ಮೇಲಿನ ಕೈ ಬಿಗಿಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮಾವ ಕಿವಿಯ ಹತ್ತಿರ ಬಾಗಿ, “ಬಿದ್ದ ಮೇಲೆ ಇದೇ ಮೊದಲೇನೋ?” ಎಂದರು. ಹೌದೆಂದೆನು. ಒಂದು ವರ್ಷದಿಂದ ಆಡದಿದ್ದ ಮಾತು ಅಷ್ಟೇ.

ಅವರು ಸಮಾಧಾನ ಹೇಳಲಿಲ್ಲ. “ಹೆದರಿಕೆ ಇರಲಿ. ನನಗೂ ದಿನಾ ಇತ್ತು. ಅದನ್ನ ಕೈಗೆ ಇಳಿಸಬೇಡ, ಕಣ್ಣಲ್ಲಿ ಇಟ್ಟುಕೋ” ಎಂದು ಸುಮ್ಮನಾದರು. ಮೂವತ್ತು ವರ್ಷ ಮಳೆಯಲ್ಲಿ ತಿರುಗಿದ ಈ ಮನುಷ್ಯನಿಗೆ ಹೆದರಿಕೆಯೇ ಇಲ್ಲವೆಂದು ನಾನು ತಿಳಿದಿದ್ದೆನು. ನಾನು ಅವರಿಂದ ಕಲಿತುದು ಕೈಯ ಪಾಠವನ್ನು ಮಾತ್ರ. ಅದರ ಕೆಳಗಿದ್ದುದನ್ನು ಕಂಡಿರಲಿಲ್ಲ. ಪಂದ್ಯದ ದಿನ ನನಗೆ ಹೆದರಿಕೆಯಾಗಲಿಲ್ಲ. ಆದುದರಿಂದಲೇ ಬಣ್ಣದ ಅಂಚು ನನ್ನ ಕಣ್ಣಿಗೆ ಬಿದ್ದೂ ಬೀಳದಂತಾಯಿತು.

ಶಿರಾಳಕೊಪ್ಪವನ್ನು ದಾಟಿ ಸೊರಬದ ಕಡೆಗೆ ತಿರುಗಿದೆವು. ಮಳೆ ಹೆಚ್ಚಾಯಿತು. ನಾಟಿ ಮಾಡುವ ಹೆಂಗಸರು ಗೊರಬು ಹೊತ್ತು ಬಾಗಿದ್ದರು. ಯಾವಾಗಲೋ ನನ್ನ ಬೆರಳುಗಳಿಗೆ ರಕ್ತ ಬಂದು ಜುಮುಜುಮು ಎಂದಿತು. ಗಾಡಿ ಅಲುಗಿತು, ತಾನೇ ನೆಟ್ಟಗಾಯಿತು.

ದಂಡಾವತಿ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಆ ಮನೆಯ ಮುಂದೆ ಇಳಿದು, ಮಾವ ಪಂಚೆಯ ನೀರನ್ನು ಹಿಂಡಿ, “ಕೈ ತೋರಿಸು” ಎಂದರು. ನನ್ನ ಬಲಗೈಯನ್ನು ಕರುವಿನ ಗೊರಸನ್ನು ನೋಡುವಂತೆ ಮಗುಚಿ ನೋಡಿದರು. ಹಿಡಿಕೆಯ ರಬ್ಬರಿನ ಗೀರುಗಳು ಅಂಗೈಯಲ್ಲಿ ಮೂಡಿ, ಅರ್ಧ ಮಾಸಿದ್ದವು.

“ಶಿರಾಳಕೊಪ್ಪದ ತನಕ ಹಿಸುಕಿದ್ದೀಯ,” ಎಂದರು. “ಆಮೇಲೆ ಪರವಾಗಿಲ್ಲ.”

ಅಷ್ಟು ಹೇಳಿ, ಕಾಲು ತೊಳೆದುಕೊಂಡು, ಗೆಳೆಯನ ಮನೆಯೊಳಕ್ಕೆ ಹೋದರು. ಎಲೆ ಹಾಕುತ್ತಿದ್ದ ಸದ್ದು ಕೇಳಿಸಿತು. ನಾನು ಗಾಡಿಯನ್ನು ಹಲಸಿನ ಮರದ ಕೆಳಗೆ ನಿಲ್ಲಿಸಿ ಅವರ ಹಿಂದೆಯೇ ಹೋದೆನು. ಸಂಜೆ ಹಿಂದಿರುಗುವಾಗಲೂ ಮಳೆ ಬರುತ್ತಲೇ ಇತ್ತು.