ಒಂದಿರುಳಿನ ಪಾಠ

ಪರೋಪಕಾರಕ್ಕೆ ಕನಿಕರವೊಂದೇ ಸಾಕೆಂದು ನಂಬುವವರು ಬಹುಮಂದಿ. ತಮಿಳುನಾಡಿನ ತಿಂಡಿವನದಲ್ಲಿ ಒಂದಿರುಳು ನಡೆದ ಸಂಗತಿಯು ಬೇರೆಯ ಮಾತನ್ನೇ ಹೇಳುತ್ತದೆ.

ಐಡಾ ಸ್ಕಡ್ಡರ್ ಎಂಬ ಅಮೆರಿಕದ ತರುಣಿಯು 1890ರಲ್ಲಿ ಆ ಊರಿಗೆ ಬಂದಳು. ತಂದೆ ಕ್ರೈಸ್ತ ಮಿಷನ್ನಿನ ವೈದ್ಯರು, ತಾಯಿಗೆ ಅಸ್ವಾಸ್ಥ್ಯ. ತಾಯಿಯ ಶುಶ್ರೂಷೆಯನ್ನು ಮುಗಿಸಿ ಸ್ವದೇಶಕ್ಕೆ ಮರಳಬೇಕೆಂಬುದೇ ಆಕೆಯ ಸಂಕಲ್ಪ. ಬಾಲ್ಯದಲ್ಲಿ ಇಲ್ಲಿಯ ಕ್ಷಾಮವನ್ನು ಕಂಡಿದ್ದ ಆಕೆಗೆ ಈ ನಾಡಿನಲ್ಲಿ ನೆಲಸುವ ಇಚ್ಛೆಯಿರಲಿಲ್ಲ.

ಹೀಗಿರುವಾಗ ಒಂದು ರಾತ್ರಿ ಒಬ್ಬರ ಹಿಂದೊಬ್ಬರಂತೆ ಮೂವರು ಗೃಹಸ್ಥರು, ಇಬ್ಬರು ಹಿಂದೂಗಳು, ಒಬ್ಬ ಮುಸಲ್ಮಾನ, ಬಾಗಿಲಿಗೆ ಬಂದು, ಪ್ರಸವವೇದನೆಯಲ್ಲಿದ್ದ ತಮ್ಮ ಹೆಂಡಿರನ್ನು ಉಳಿಸಬೇಕೆಂದು ಆಕೆಯನ್ನು ಬೇಡಿದರು. ತಂದೆಯನ್ನು ಕರೆದೊಯ್ಯಿರೆಂದಳು. ಪರಪುರುಷನು ಸೂತಿಕಾಗೃಹವನ್ನು ಹೊಗುವುದು ಸಲ್ಲದೆಂದು ಮೂವರೂ ಹಿಂದಿರುಗಿದರು. ಆಕೆಗೆ ಮನಸ್ಸಿತ್ತು, ವಿದ್ಯೆಯಿರಲಿಲ್ಲ. ತಂದೆಗೆ ವಿದ್ಯೆಯಿತ್ತು, ಪ್ರವೇಶವಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಸ್ತ್ರೀಯರೂ ತೀರಿಹೋಗಿದ್ದರು.

ಆ ಸಾವುಗಳು ಆಕೆಯ ಸಂಕಲ್ಪವನ್ನೇ ತಿರುಗಿಸಿದುವು. ಅಮೆರಿಕಕ್ಕೆ ಹೋಗಿ, 1899ರಲ್ಲಿ ಕಾರ್ನೆಲ್ ವೈದ್ಯಕಾಲೇಜಿನಲ್ಲಿ ಉತ್ತೀರ್ಣಳಾಗಿ, 1900ರಲ್ಲಿ ವೆಲ್ಲೂರಿಗೆ ಬಂದು ಒಂದೇ ಮಂಚದ ಚಿಕಿತ್ಸಾಲಯವನ್ನು ತೆರೆದಳು. ಆದರೆ ಒಬ್ಬಳ ಕೈ ಎಷ್ಟು ಮನೆಗಳಿಗೆ ಎಟುಕೀತು? ಆದುದರಿಂದ 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯವಿದ್ಯೆಯನ್ನು ಕಲಿಸುವ ಶಾಲೆಯನ್ನು ಸ್ಥಾಪಿಸಿದಳು. ವೆಲ್ಲೂರಿನ ಇಂದಿನ ಕ್ರೈಸ್ತ ವೈದ್ಯಕೀಯ ಮಹಾವಿದ್ಯಾಲಯವು ಬೆಳೆದುಬಂದುದು ಅದರಿಂದಲೇ. 1960ರಲ್ಲಿ ಈ ನಾಡಿನಲ್ಲಿಯೇ ಆಕೆಯು ಕಾಲವಾದಳು.

ಸೇವೆಗೆಂದು ಪರದೇಶಕ್ಕೆ ಹೊರಡುವ ತರುಣ ತರುಣಿಯರು, ಮನಸ್ಸಿನಲ್ಲಿ ಕರುಣೆಯಿದೆಯೆ ಎಂದು ಕೇಳಿಕೊಳ್ಳುವುದರ ಜೊತೆಗೆ, ತಮ್ಮ ಕೈಗೆ ಯಾವ ಕೆಲಸವು ಬರುತ್ತದೆಂಬುದನ್ನೂ ಕೇಳಿಕೊಳ್ಳುವುದೊಳ್ಳೆಯದು.