ಯಂತ್ರ ಕೊಟ್ಟ ಚೀಟಿ

ನಂಜನಗೂಡಿನ ಶ್ರೀಕಂಠೇಶ್ವರನಿಗೆ ‘ಹಕೀಮ ನಂಜುಂಡ’ನೆಂಬ ಹೆಸರು ಬಂದದ್ದು ಒಂದು ಆನೆಯ ಕಣ್ಣಿನಿಂದ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ದೃಷ್ಟಿ ಹೋಗಿತ್ತಂತೆ. ನಂಜುಂಡನಿಗೆ ಹರಕೆ ಹೊತ್ತ ಮೇಲೆ ಮರಳಿತಂತೆ. ಸುಲ್ತಾನ ಪಚ್ಚೆಯ ಲಿಂಗವನ್ನೊಪ್ಪಿಸಿ ದೇವರನ್ನು ಹಕೀಮನೆಂದು ಕರೆದನಂತೆ. ಕಥೆಯ ನಿಜಸುಳ್ಳು ಹೇಗೇ ಇರಲಿ, ಆ ಆನೆಗೆ ಒಂದು ಅನುಕೂಲವಿತ್ತು: ಅದಕ್ಕೆ ಕಣ್ಣು ಕಾಣದೆಂಬುದು ಮಾವುತನಿಗೆ ಕಾಣುತ್ತಿತ್ತು.

ಸಕ್ಕರೆ ಕಾಯಿಲೆ ಹಾಗಲ್ಲ. ಕಣ್ಣಿನ ಹಿಂಭಾಗದ ರೆಟಿನಾ ಎಂಬ ಪರದೆಯ ಮೇಲಿರುವ ಕೂದಲೆಳೆಯಂಥ ರಕ್ತನಾಳಗಳನ್ನು ಅದು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸುತ್ತದೆ. ನೋವಿಲ್ಲ; ಬಹುಕಾಲ ಮಬ್ಬೂ ಇಲ್ಲ. ದೃಷ್ಟಿ ಕೆಟ್ಟಿತೆಂದು ತಿಳಿಯುವ ಹೊತ್ತಿಗೆ ಹೋದದ್ದೆಲ್ಲ ಮರಳುವುದಿಲ್ಲ.

ಈ ಮೌನರೋಗವನ್ನು ಹಿಡಿಯಲು ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಗೂಗಲ್ ಸಂಶೋಧಕರು 1,28,175 ರೆಟಿನಾ ಚಿತ್ರಗಳನ್ನು, 54 ನೇತ್ರವೈದ್ಯರ ತೀರ್ಪಿನೊಡನೆ, ಯಂತ್ರಕ್ಕೆ ಪಾಠ ಹೇಳಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಚಿತ್ರಗಳನ್ನೊದಗಿಸಿದ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಶಿಷ್ಯ ಗುರುಗಳಿಗೆ ಸರಿಸಮನಾಗಿ ನಿಂತ. ಬೆಂಗಳೂರಿನದೇ ಆದ ರೆಮಿಡಿಯೋ ಸಂಸ್ಥೆಯ ಉಪಕರಣದಲ್ಲಿ ಫೋನೇ ಚಿತ್ರ ತೆಗೆದು, ಅಂತರ್ಜಾಲದ ಹಂಗಿಲ್ಲದೆ ಫಲಿತಾಂಶ ಹೇಳುತ್ತದೆ.

ತಿರುಮಕೂಡಲು ನರಸೀಪುರದಲ್ಲಿರುವ ನನ್ನ ಸೋದರತ್ತೆಗೆ ಶಿಬಿರವೊಂದರಲ್ಲಿ ಇಂಥದೇ ಯಂತ್ರ, ‘ನೇತ್ರವೈದ್ಯರಿಗೆ ತೋರಿಸಿ’ ಎಂಬ ಚೀಟಿ ಕೊಟ್ಟಿತು. “ಸೂಜಿಗೆ ನಾನೇ ದಾರ ಪೋಣಿಸ್ತೀನಲ್ಲೋ, ನನ್ನ ಕಣ್ಣಿಗೇನಾಗಿದೆ?” ಎಂದರು ಅತ್ತೆ. ಚೀಟಿ ಪಂಚಾಂಗದೊಳಗೆ ಮೂರು ತಿಂಗಳು ಮಲಗಿತು. ಮೈಸೂರು ಸುಮಾರು 30 ಕಿಲೋಮೀಟರು, ಬಸ್ಸುಗಳಿಗೆ ಬರವಿಲ್ಲ. ಆದರೆ ಕಣ್ಣಿಗೆ ಔಷಧ ಬಿಟ್ಟರೆ ಗಂಟೆಗಟ್ಟಲೆ ಮಂಜು, ಜೊತೆಗೆ ಬರುವವರಾರು? ಮಾವನಿಗೆ ಊಟ ಬಡಿಸುವವರಾರು? ಇದಾವುದೂ ರೆಟಿನಾದ ಚಿತ್ರದಲ್ಲಿ ಮೂಡುವುದಿಲ್ಲ.

ಕೊನೆಗೆ ಗೆದ್ದದ್ದು ಬೀದಿಯ ಆಶಾ ಕಾರ್ಯಕರ್ತೆ. ಆಕೆ ಬಂದು ಕುಳಿತು, ಕಾಫಿ ಕುಡಿದು, “ಗುರುವಾರ ನಾನೇ ಕರ್ಕೊಂಡು ಹೋಗ್ತೀನಮ್ಮ, ಯಜಮಾನರಿಗೆ ಅಡುಗೆ ಮಾಡಿಟ್ಟು ಬನ್ನಿ” ಎಂದಳು. ಮೈಸೂರಿನ ವೈದ್ಯರು ಯಂತ್ರದ ಮಾತು ನಿಜವೆಂದರು. ಲೇಸರ್ ಚಿಕಿತ್ಸೆಯಾಯಿತು. ಅತ್ತೆ ಇಂದಿಗೂ ದಾರ ಪೋಣಿಸುತ್ತಾರೆ.

ಇದು ನರಸೀಪುರದ ಮಾತಷ್ಟೇ ಅಲ್ಲ. ಥಾಯ್ಲೆಂಡಿನ 11 ಚಿಕಿತ್ಸಾಲಯಗಳಲ್ಲಿ ಗೂಗಲಿನ ಯಂತ್ರ ಕೆಲಸಮಾಡಿದ ಬಗೆಯನ್ನು ಕಂಡವರು 2020ರಲ್ಲಿ ವರದಿಮಾಡಿದರು. ಸಾಕಷ್ಟು ಕತ್ತಲು ಮಾಡಲಾಗದ ಕೋಣೆಗಳಲ್ಲಿ ಚಿತ್ರಗಳು ಮಸಕಾಗುತ್ತಿದ್ದವು. ಐದರಲ್ಲೊಂದನ್ನು ಯಂತ್ರ ಒಲ್ಲೆನೆಂದಿತು. ಆ ರೋಗಿಗಳಿಗೆ ಮತ್ತೊಂದು ದಿನ, ಮತ್ತೊಂದು ಊರಿನ ಪ್ರಯಾಣ ಗಂಟುಬಿತ್ತು.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ನೋಡದಿದ್ದರೆ ಅತ್ತೆಯ ಕಣ್ಣಿನ ಕೇಡು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಚೀಟಿಗೆ ಕಾಲಿಲ್ಲ. ಅದನ್ನು ಆಸ್ಪತ್ರೆ ಮುಟ್ಟಿಸಿದ ಆಕೆಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ. ಊರೂರಿಗೆ ಯಂತ್ರ ಕೊಳ್ಳುವ ಪುಣ್ಯಾತ್ಮರು ತಮ್ಮ ಲೆಕ್ಕದಲ್ಲಿ ಆ ಗುರುವಾರದ ಬಸ್ ಚಾರ್ಜನ್ನೂ ಒಂದು ಸಾಲು ಬರೆದುಕೊಳ್ಳಲಿ.